ಎರಡು ತೊಟ್ಟು ಹರಳೆಣ್ಣೆ

ನಮ್ಮಪ್ಪ ರಾಮಲಿಂಗಯ್ಯನಿಗೆ ಒಂದು ಚಾಳಿ. ತಿರುಗುವ ಯಾವ ವಸ್ತು ಕಣ್ಣಿಗೆ ಬಿದ್ದರೂ ಅದಕ್ಕೆ ಎಣ್ಣೆ ಹಾಕದೆ ಬಿಡುವವನಲ್ಲ. ಗುಡೇಮಾರನಹಳ್ಳಿಯ ಮನೆಯಲ್ಲಿ ಎತ್ತಿನ ಗಾಡಿ ಇದ್ದಷ್ಟು ಕಾಲವೂ ಯಾವುದೇ ಒಳ್ಳೆಯ ಕೆಲಸಕ್ಕೆ ಹೊರಡುವ ಮೊದಲು ಗಾಲಿಯ ಅಚ್ಚಿಗೆ ಎಣ್ಣೆ ಬಿಟ್ಟು, ನೊಗಕ್ಕೆ ಕುಂಕುಮ ಇಟ್ಟು, ಆಮೇಲೆ ಎತ್ತು ಕಟ್ಟುತ್ತಿದ್ದರು. ಅದು ಮನೆತನದ ಪದ್ಧತಿ, ನನ್ನ ತಕರಾರಿಲ್ಲ. ಆದರೆ ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ಅಪ್ಪನ ಹರಳೆಣ್ಣೆ ಸೀಸೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಹಳೇ ಟಾನಿಕ್ಕಿನ ಪುಟ್ಟ ಸೀಸೆ, ಯಾವಾಗಲೂ ಅವನ ಕೈಚೀಲದಲ್ಲೇ. ಸೈಕಲ್ಲು, ಹೊಲಿಗೆ ಯಂತ್ರ, ಬಾವಿಯ ರಾಟೆ, ಬಾಗಿಲಿನ ಕೀಲು, ಕೊನೆಗೆ ನನ್ನ ಮದುವೆಯ ದಿನ ಗಂಡಿನವರ ಕಾರಿನ ಬಾಗಿಲಿಗೂ ಎರಡು ತೊಟ್ಟು ಬಿಟ್ಟಿದ್ದ. ಮದುಮಗನ ಬಿಳಿ ಪಂಚೆಗೆ ಅಂದು ಹತ್ತಿದ ಕಲೆ ಇವತ್ತಿಗೂ ಹೋಗಿಲ್ಲ.

ಅಂಥವನ ಮಗಳು ನಾನು, ಲತಾಮಣಿ. ರಾಮನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಗಂಡ ಅನಂತರಾಜು, ಬಿಡದಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವರು ಹೇಳುತ್ತಾರೆ. ಹಾಗೆ ಹೇಳಿದರೆ ನನಗೆ ಕೋಪ ಬರುತ್ತದೆ.

ಪಾಠದ ಜೊತೆಜೊತೆಗೇ ಪಿಎಚ್.ಡಿ. ಮಾಡುತ್ತಿದ್ದೆ. ಹೊರಗಿನಿಂದ ಬಿಡದೆ ತಳ್ಳುತ್ತಿರುವ ಕ್ವಾಂಟಂ ವ್ಯವಸ್ಥೆಯಲ್ಲಿ ಶಕ್ತಿಯ ಸೋರಿಕೆ ಏನು ಕೆಲಸ ಮಾಡುತ್ತದೆ ಎಂಬುದು ನನ್ನ ವಿಷಯ. ಹೆದರಬೇಡಿ, ಹೇಳಿದರೆ ಅರ್ಥವಾಗುವಂಥದ್ದೇ. ಒಂದು ಪರಮಾಣುವನ್ನು ಎರಡು ಕನ್ನಡಿಗಳ ನಡುವೆ ಕೂಡಿಹಾಕಿ ಲೇಸರ್ ಬೆಳಕಿನಿಂದ ತಳ್ಳುತ್ತಾ ಇರಿ. ಅದು ಮೇಲಿನ ಸ್ಥಿತಿಗೆ ಹೋಗುತ್ತದೆ, ಕೆಳಗಿನ ಸ್ಥಿತಿಗೆ ಬರುತ್ತದೆ, ಮತ್ತೆ ಮೇಲೆ, ಮತ್ತೆ ಕೆಳಗೆ. ನಿಲ್ಲುವುದೆಂದರೇನೆಂದು ಅದಕ್ಕೆ ಗೊತ್ತೇ ಇಲ್ಲ. ಈಗ ಕನ್ನಡಿಯ ಮೂಲಕ ಒಂದಿಷ್ಟು ಬೆಳಕು ಸೋರಿ ಹೋಗಲಿ ಅನ್ನಿ. ಸೋರಿಕೆ ಹದವಾಗಿದ್ದರೆ ಆ ಓಲಾಟ ನಿಧಾನಕ್ಕೆ ಅಡಗಿ, ಪರಮಾಣು ಒಂದು ನೆಲೆ ಹಿಡಿದು ಅಲ್ಲೇ ಉಳಿಯುತ್ತದೆ. ತಳ್ಳುವ ಕೈ ತಳ್ಳುತ್ತಲೇ ಇರುತ್ತದೆ, ಆದರೂ ಅದು ಕದಲುವುದಿಲ್ಲ. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಅದೇ ನೆಲೆಗೆ ಬರುತ್ತದೆ. ಸೋರಿಕೆಯೆಂದರೆ ಬರೀ ನಷ್ಟ ಎಂದು ಎಲ್ಲರೂ ಬಯ್ಯುತ್ತಾರೆ. ಬಯ್ಯಬೇಡಿ, ದಾರಿ ತೋರಿಸುತ್ತಿರುವುದೇ ಅದು ಎಂದು ನಾನು ಪ್ರಬಂಧ ಬರೆದೆ.

ರಾಮನಗರ ಜಿಲ್ಲೆಯಾದ ಮರುವರ್ಷ, ಅವರೆಕಾಯಿ ಕಾಲದಲ್ಲಿ, ನನ್ನ ವೈವಾಕ್ಕೆ ದಿನ ಗೊತ್ತಾಯಿತು. ಅದರ ಬೆನ್ನಿಗೇ ಗೈಡ್ ಮೇಡಂ ಫೋನು ಮಾಡಿದರು. ಹೊರಗಿನ ಪರೀಕ್ಷಕರು ಧಾರವಾಡದ ಪ್ರೊಫೆಸರ್ ಹಿರೇಗೌಡರು ಪ್ರಬಂಧದ ಬುಡಕ್ಕೇ ಕೈ ಹಾಕಿದ್ದರಂತೆ. ‘ಇದೆಲ್ಲ ಸೋರಿಕೆಯಿಂದಲೇ ಆಯಿತು ಎನ್ನಲು ಏನು ಆಧಾರ? ತಳ್ಳುವ ಕೈಯೇ ಯಾಕೆ ಮಾಡಿರಬಾರದು? ಮೌಖಿಕ ಪರೀಕ್ಷೆಯಲ್ಲಿ ಅಭ್ಯರ್ಥಿ ಇದನ್ನು ನನಗೆ ಮನದಟ್ಟು ಮಾಡಬೇಕು.’ ಮಾಡದಿದ್ದರೆ ಪ್ರಬಂಧ ವಾಪಸ್ಸು, ತಿದ್ದಿ ಮತ್ತೆ ಸಲ್ಲಿಸಬೇಕು. ಆದರೆ ನನ್ನ ನೋಂದಣಿಯ ಅವಧಿ ಅದೇ ತಿಂಗಳಿಗೆ ಮುಗಿಯುತ್ತಿತ್ತು. ವಾಪಸ್ಸು ಬಂತೆಂದರೆ ಅಲ್ಲಿಗೆ ಎಲ್ಲ ಮುಗಿಯಿತು, ವಿಶ್ವವಿದ್ಯಾಲಯಕ್ಕೆ ಓಡಾಡುತ್ತಾ ರೈಲಿನಲ್ಲಿ ನಿಂತು ಓದಿದ ಅಷ್ಟೂ ವರ್ಷ ನೀರಿನಲ್ಲಿ ಹೋಮ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂರು ದಿನ ಮನೆಯಲ್ಲಿ ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ನಾಲ್ಕನೆಯ ದಿನ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆ.

ಅಲ್ಲಿ ಮಜೀದಾ ಅನ್ನುವವಳು ಮರದ ಆಟಿಕೆ ಮಾಡುತ್ತಾಳೆ. ಅವಳ ತಂಗಿ ನನ್ನ ವಿದ್ಯಾರ್ಥಿನಿ. ತಲೆಕೆಳಗಾಗುವ ಬುಗುರಿ ಬೇಕಿತ್ತು ನನಗೆ. ದುಂಡನೆಯ ಹೊಟ್ಟೆ, ಮೇಲೊಂದು ಗಿಡ್ಡ ಹಿಡಿ. ಹಿಡಿಯಿಂದ ತಿರುಗಿಸಿ ಬಿಟ್ಟರೆ ಒಸಿ ಹೊತ್ತು ಹೊಟ್ಟೆಯ ಮೇಲೆ ಸುತ್ತಿ, ವಾಲಿ, ಇದ್ದಕ್ಕಿದ್ದಂತೆ ಪಲ್ಟಿ ಹೊಡೆದು ಹಿಡಿಯ ಮೇಲೆ ನಿಂತು ಸುತ್ತುತ್ತದೆ. ನೋಡಿದವರು ಬಾಯಿ ಬಿಡಬೇಕು. ಅದನ್ನು ತಿರುಗಿಸುವುದು ಕೈ, ಆದರೆ ತಲೆಕೆಳಗು ಮಾಡುವುದು ಹೊಟ್ಟೆಗೂ ಮಣೆಗೂ ನಡುವಿನ ತಿಕ್ಕಾಟ. ಹಿರೇಗೌಡರ ಮುಂದೆ ಇದನ್ನು ಬಿಟ್ಟು ತೋರಿಸಿ ಮಾತು ಶುರು ಮಾಡೋಣ ಎಂದು ನನ್ನ ಲೆಕ್ಕ.

ಮಜೀದಾ ಆಲೆಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಉಳಿ ಹಿಡಿದಳು. ಆಕಾರ ಬಂದ ಮೇಲೆ ಸುತ್ತುತ್ತಿದ್ದ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದಳು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆಲ್ಲ ಹರಡಿಕೊಂಡಿತು.

“ಇಷ್ಟು ಸಾಕಾ ಮೇಡಂ? ಯಾವ ಮಗೂಗೆ ಇದು?”

“ಧಾರವಾಡದ ಒಂದು ಮಗೂಗೆ. ಅರವತ್ತು ವರ್ಷ,” ಅಂದೆ. ಅವಳು ನಕ್ಕು ನಕ್ಕು ಯಂತ್ರ ನಿಲ್ಲಿಸಿದಳು.

ಇತ್ತ ಊರಿನಲ್ಲಿ ನಮ್ಮಮ್ಮ ಮುನಿಯಮ್ಮನಿಗೆ ಸುದ್ದಿ ಮುಟ್ಟಿತ್ತು. ವೈವಾ ಎಲ್ಲರೂ ಬಂದು ಕೂರಬಹುದಾದ ಕಾರ್ಯಕ್ರಮ ಎಂದು ನನ್ನ ಗಂಡ ಫೋನಿನಲ್ಲಿ ಬಾಯಿ ಬಿಟ್ಟಿದ್ದರು.

“ಅದು ಪರೀಕ್ಷೆ ಕಣಮ್ಮ. ಮದುವೆಯಲ್ಲ. ನೀವು ಬರೋದು ಬ್ಯಾಡ,” ಎಂದೆ.

“ನೀನು ಎಸ್ಸೆಲ್ಸಿ ಬರೆದಾಗ್ಲೂ ಇಸ್ಕೂಲ್ ಗೇಟ್ ತಾವ ಕುಂತಿರ್ನಿಲ್ವಾ ನಾವು? ಈಗೇನು ಬಂದದ್ದು? ಬತ್ತೀವಿ.”

“ಅಲ್ಲಿ ಎಲ್ಲ ಇಂಗ್ಲಿಷಿನಲ್ಲಿ ಮಾತಾಡ್ತಾರೆ.”

“ಮಾತಾಡ್ಲಿ ಬುಡು. ನಾವೇನು ಕಿತ್ಕೊತೀವಾ?”

ಮುನಿಯಮ್ಮನ ಜೊತೆ ವಾದ ಮಾಡಿ ಗೆದ್ದವರು ಮಾಗಡಿ ತಾಲ್ಲೂಕಿನಲ್ಲಿ ಯಾರೂ ಇಲ್ಲ. ವೈವಾದ ಹಿಂದಿನ ದಿನವೇ ಇಬ್ಬರೂ ಒಂದು ಮೂಟೆ ಸೊಗಡು ಅವರೆಕಾಯಿ, ಒಂದು ಡಬ್ಬ ಕಜ್ಜಾಯ ಹೊತ್ತುಕೊಂಡು ರಾಮನಗರದ ಮನೆಗೆ ಬಂದಿಳಿದರು.

ಬೆಳಿಗ್ಗೆ ನಾನು ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ಬುಗುರಿ, ಅದನ್ನು ಬಿಡುವ ಮಣೆ, ಪ್ರಬಂಧದ ಪ್ರತಿ, ಎಲ್ಲ ಮೇಜಿನ ಮೇಲೆ. ಅಪ್ಪ ಬಂದು ಬುಗುರಿಯನ್ನು ಕೈಗೆ ತೆಗೆದುಕೊಂಡ. ಬಹಳ ನಾಜೂಕಾಗಿ, ಕೋಳಿಮರಿ ಹಿಡಿದ ಹಾಗೆ.

“ಇದ್ಯಾಕೆ ಪುಟ್ಟಿ?”

“ಪರೀಕ್ಷೆಗೆ.”

“ಇದು ಏನ್ ಮಾಡ್ತೈತೆ?”

ಅವನು ಇಷ್ಟು ವರ್ಷ ನಾನು ಓದುವುದೇನು ಎಂದು ಕೇಳಿದವನಲ್ಲ. ಕೇಳಿದ್ದು ಅಂದೇ ಮೊದಲು. ನನಗೋ ಆ ಹೊತ್ತಿಗೆ ಸೀರೆಯ ನಿರಿಗೆ ಸುಟ್ಟೀತು ಅನ್ನುವ ಗಾಬರಿ.

“ತಿರುಗ್ತೈತೆ ಕಣಪ್ಪ. ಅಷ್ಟೇ. ಮಡಗು ಅಲ್ಲಿ,” ಎಂದು ಸಿಡುಕಿದೆ.

ಅಪ್ಪ ‘ಓ’ ಎಂದ. ನಾನು ಸ್ನಾನ ಮುಗಿಸಿ ಬರುವ ಹೊತ್ತಿಗೆ ಅಮ್ಮ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಬುಗುರಿಯನ್ನು ಬೇರೆಯಾಗಿ ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದಳು. ನಾನು ಚೀಲ ಹೆಗಲಿಗೇರಿಸಿಕೊಂಡು ರೈಲಿಗೆ ಓಡಿದೆ.

ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಮೂವತ್ತು ಜನ ಇದ್ದಿರಬೇಕು. ಮುಂದಿನ ಸಾಲಿನಲ್ಲಿ ಹಿರೇಗೌಡರು. ತೆಳ್ಳಗೆ, ಎತ್ತರಕ್ಕೆ, ಕನ್ನಡಕ ಹಣೆಯ ಮೇಲೆ. ಪಕ್ಕದಲ್ಲಿ ಗೈಡ್ ಮೇಡಂ. ಕೊನೆಯ ಸಾಲಿನಲ್ಲಿ ನನ್ನ ಗಂಡ, ಅಮ್ಮ, ಅಪ್ಪ. ಅಪ್ಪ ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟು, ಫೋಟೋಕ್ಕೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ನಾನು ನಮಸ್ಕಾರ ಹೇಳಿ, ಮಣೆಯನ್ನು ಮೇಜಿನ ಮೇಲಿಟ್ಟೆ. “ಈ ಬುಗುರಿ ಈಗ ತಲೆಕೆಳಗಾಗಿ ನಿಲ್ಲುತ್ತದೆ. ಯಾಕೆ ಎಂಬುದೇ ನನ್ನ ಪ್ರಬಂಧದ ಪ್ರಶ್ನೆ,” ಎಂದು ಇಂಗ್ಲಿಷಿನಲ್ಲಿ ಗತ್ತಿನಿಂದ ಹೇಳಿ, ಕರವಸ್ತ್ರ ಬಿಚ್ಚಿ, ಹಿಡಿ ಹಿಡಿದು ತಿರುಗಿಸಿ ಬಿಟ್ಟೆ.

ತಿರುಗಿತು. ಅಬ್ಬಾ, ಎಷ್ಟು ಚೆಂದ ತಿರುಗಿತು! ಸದ್ದಿಲ್ಲ, ನಡುಕವಿಲ್ಲ. ಮಣೆಯ ಮೇಲೆ ಹಾಯಾಗಿ ಹೊಟ್ಟೆಯ ಮೇಲೇ ಸುತ್ತುತ್ತಾ ಹೋಯಿತು. ನಾವೆಲ್ಲ ನೋಡಿದೆವು. ಅದು ಸುತ್ತಿತು. ಇನ್ನೂ ನೋಡಿದೆವು. ಕೊನೆಗೆ ಸುಸ್ತಾಗಿ ಪಕ್ಕಕ್ಕೆ ಉರುಳಿಕೊಂಡಿತು. ತಲೆಕೆಳಗಾಗಲೇ ಇಲ್ಲ.

“ಇನ್ನೊಂದು ಸಲ,” ಎಂದೆ. ಇನ್ನೊಂದು ಸಲವೂ ಅದೇ ಕಥೆ. ಹಿರೇಗೌಡರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. ಗೈಡ್ ಮೇಡಂ ಸೀಲಿಂಗ್ ಫ್ಯಾನ್ ನೋಡತೊಡಗಿದರು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಕುತ್ತಿಗೆಯಿಂದ ಬೆವರು ಇಳಿಯಿತು. ಮನೆಯಲ್ಲಿ ಹತ್ತು ಸಲ ಬಿಟ್ಟರೆ ಹತ್ತು ಸಲವೂ ಪಲ್ಟಿ ಹೊಡೆದ ಬುಗುರಿಯಿದು! ಎತ್ತಿಕೊಂಡು ಹೊಟ್ಟೆ ಸವರಿ ನೋಡಿದೆ. ಬೆರಳು ಜಾರಿತು. ಮೂಗಿನ ಹತ್ತಿರ ತಂದೆ. ಹರಳೆಣ್ಣೆ. ಹಿಡಿಯ ಪಕ್ಕದಲ್ಲಿ, ಕೆಂಪು ಅರಗಿನ ಮೇಲೆ ಕಂಡೂ ಕಾಣದ ಹಾಗೆ, ಒಂದು ಕುಂಕುಮದ ಬೊಟ್ಟು.

ಮೈಯೆಲ್ಲ ಉರಿದುಹೋಯಿತು. ಕೊನೆಯ ಸಾಲಿನ ಕಡೆ ನೋಡಿದೆ. ಅಪ್ಪ ನಗುತ್ತಿದ್ದ, ಅಷ್ಟು ಹೊತ್ತು ನಿಲ್ಲದೆ ತಿರುಗಿತಲ್ಲ, ಅದು ತನ್ನದೇ ಕೈವಾಡ ಅನ್ನುವ ಹೆಮ್ಮೆಯ ನಗು. ನನ್ನ ಮುಖ ನೋಡಿದ. ಅವನ ನಗು ಮೆಲ್ಲಗೆ ಅಳಿಸಿಹೋಯಿತು. ಅದನ್ನು ನೋಡಿದಾಗ ನನ್ನ ಸಿಟ್ಟಿಗೆ ಎಲ್ಲಿ ಹೋಗಬೇಕೆಂದೇ ತಿಳಿಯಲಿಲ್ಲ.

ಅಷ್ಟರಲ್ಲಿ ಅಪ್ಪ ಎದ್ದು ನಿಂತ.

“ಸ್ವಾಮಿ, ದೊಡ್ಡೋರು ಕ್ಷಮಿಸ್ಬೇಕು,” ಎಂದ ಕೈ ಮುಗಿದು. “ಅದಕ್ಕೆ ಎಣ್ಣೆ ಹಾಕಿದ್ದು ನಾನು. ತಿರುಗೋದು ಅಂದ್ಳು, ಸಲೀಸಾಗಿ ತಿರುಗ್ಲಿ ಅಂತ ಹಾಕ್ಬುಟ್ಟೆ. ಅವಳ್ದೇನೂ ತಪ್ಪಿಲ್ಲ. ರೈಲಲ್ಲಿ ನಿಂತ್ಕೊಂಡು ಓದವ್ಳೆ ಸ್ವಾಮಿ ನನ್ನ ಮಗಳು. ನನ್ನಿಂದಾಗಿ ಅವಳ್ನ ಫೇಲ್ ಮಾಡ್ಬೇಡಿ.”

ಅಮ್ಮ ಅಪ್ಪನ ಅಂಗಿ ಹಿಡಿದು ಕೆಳಗೆ ಎಳೆಯುತ್ತಿದ್ದಳು. ಹಿರೇಗೌಡರು ಕುರ್ಚಿಯಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದರು.

“ಏನ್ರಿ ಯಜಮಾನ್ರ, ಎಷ್ಟ ಹಾಕೀರಿ ಎಣ್ಣಿ?”

“ಒಸಿನೇ ಸ್ವಾಮಿ. ಎಲ್ಡು ತೊಟ್ಟು.”

“ಎರಡ ಹನಿಗೆ ಇಷ್ಟಾತೇನು?” ಎಂದು ಅವರು ಬುಗುರಿಯ ಕಡೆ ನೋಡಿದರು.

ಎರಡು ಹನಿಗೆ ಇಷ್ಟಾಯಿತು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆಯೊಳಗೆ ದೀಪ ಹತ್ತಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಬುಗುರಿ ತಲೆಕೆಳಗಾಗಿದ್ದರೆ ನೀವು ಏನು ಕೇಳುತ್ತಿದ್ದಿರಿ ಹಿರೇಗೌಡರೇ? ಇದನ್ನು ಕೈ ಮಾಡಿತೋ ತಿಕ್ಕಾಟ ಮಾಡಿತೋ ಎಂದು ಕೇಳುತ್ತಿದ್ದಿರಿ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಬರೀ ಆಗುವುದನ್ನು ತೋರಿಸಲು ಬಂದಿದ್ದೆ ನಾನು. ಆಗದೇ ಇರುವುದನ್ನು ನಮ್ಮಪ್ಪ ತೋರಿಸಿಬಿಟ್ಟಿದ್ದ.

“ಸರ್, ಒಂದೇ ನಿಮಿಷ,” ಎಂದೆ. ಸೆರಗಿನಿಂದ ಬುಗುರಿಯನ್ನು ತಿಕ್ಕಿ ತಿಕ್ಕಿ ಒರೆಸಿದೆ. ಸಾಲಲಿಲ್ಲ. ಕಪ್ಪುಹಲಗೆಯ ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ಪುಡಿಯನ್ನು ಹಿಡಿ ತುಂಬ ತೆಗೆದು ಅದರ ಹೊಟ್ಟೆಗೆ ಮೆತ್ತಿ, ಮತ್ತೆ ಒರೆಸಿದೆ. ಮಣೆಯನ್ನು ಮಗುಚಿ ಎಣ್ಣೆ ಸೋಕದ ಬದಿ ಮೇಲೆ ಮಾಡಿದೆ. ಆಮೇಲೆ, ಇಂಗ್ಲಿಷ್ ಎಲ್ಲಿ ಹೋಯಿತೋ ಏನೋ, ಕನ್ನಡದಲ್ಲೇ ಹೇಳಿದೆ.

“ಬುಗುರಿ ಅದೇ. ಮಣೆಯ ಮರ ಅದೇ. ತಿರುಗಿಸುವ ಕೈಯೂ ಅದೇ. ಈಗ ನೋಡಿ.”

ಬಿಟ್ಟೆ. ಒಂದು ಕ್ಷಣ ಹೊಟ್ಟೆಯ ಮೇಲೆ ಸುತ್ತಿತು. ಗರ್ ಎಂದು ಮಣೆಯನ್ನು ಕೆರೆಯಿತು. ವಾಲಿತು, ಹಿಡಿ ಮಣೆಗೆ ತಾಗಿತು, ಟಪ್ಪನೆ ಎದ್ದು ತಲೆಕೆಳಗಾಗಿ ನಿಂತು ಗಿರಗಿರ ಸುತ್ತಿತು. ಕೊನೆಯ ಸಾಲಿನಿಂದ ಅಮ್ಮ “ಅಯ್ ಶಿವನೇ!” ಎಂದು ಕೂಗಿದಳು. ಹುಡುಗರು ಚಪ್ಪಾಳೆ ಹೊಡೆದರು.

ಹಿರೇಗೌಡರು ಹೊಡೆಯಲಿಲ್ಲ. “ಆತು. ಆದ್ರ ಇದು ಆಟಿಗಿ ಸಾಮಾನು. ನಿಮ್ಮದು ಪರಮಾಣು. ಬುಗುರಿ ತೋರ್ಸಿ ಡಾಕ್ಟರೇಟ್ ತಗೊಂಡ ಹೋಗ್ತೀರೇನು?”

“ಇಲ್ಲ ಸರ್. ಬುಗುರಿ ಪರಮಾಣುವಿಗೆ ಸಾಕ್ಷಿಯಲ್ಲ. ಆದರೆ ಕೇಳುವ ರೀತಿ ಒಂದೇ. ಮಿಕ್ಕಿದ್ದೆಲ್ಲ ಹಾಗೇ ಇಟ್ಟು, ತಿಕ್ಕಾಟ ಮಾತ್ರ ತೆಗೆದು ನೋಡಬೇಕು. ಎಣ್ಣೆ ಹಾಕಿ ನೋಡಬೇಕು.”

“ಹಂಗಾರ ನಿಮ್ಮ ಪರಮಾಣುಗೆ ಎಣ್ಣಿ ಹಾಕಿ ನೋಡೀರೇನು?”

ನೋಡಿದ್ದೆ. ಅದೇ ನನಗೆ ನಾಚಿಕೆ ತಂದ ಸಂಗತಿ. ಸೋರಿಕೆಯನ್ನು ಸೊನ್ನೆ ಮಾಡಿ, ತಳ್ಳುವುದನ್ನು ಕೂದಲಷ್ಟೂ ಬದಲಾಯಿಸದೆ ಮಾಡಿದ ಲೆಕ್ಕವೊಂದಿತ್ತು. ಅದರ ನಕ್ಷೆ ಮೇಲೆ ಕೆಳಗೆ, ಮೇಲೆ ಕೆಳಗೆ ಎಂದು ಪುಟದ ತುದಿಯವರೆಗೂ ಕುಣಿಯುತ್ತಿತ್ತು. ಅದರಲ್ಲಿ ನೆಲೆಯಿಲ್ಲ, ಫಲಿತಾಂಶವಿಲ್ಲ. ಅಂಥ ಅಂದಗೆಟ್ಟ ನಕ್ಷೆಯನ್ನು ಯಾರಿಗೆ ತೋರಿಸುವುದು ಎಂದು ಪ್ರಬಂಧದ ಕಟ್ಟಕಡೆಯ ಅನುಬಂಧಕ್ಕೆ ತಳ್ಳಿದ್ದೆ. ಅನುಬಂಧವನ್ನು ಯಾವ ಪರೀಕ್ಷಕರು ಓದುತ್ತಾರೆ? ಚೆಂದದ ನಕ್ಷೆಗಳನ್ನೆಲ್ಲ ಮುಂದೆ ಸಾಲಾಗಿ ನಿಲ್ಲಿಸಿ, ಇದನ್ನು ಮನೆಯ ಹಿಂದೆ ಬಚ್ಚಿಟ್ಟಿದ್ದೆ.

ಪ್ರಬಂಧದ ಕೊನೆಯ ಪುಟ ತೆರೆದು ಅವರ ಮುಂದೆ ಹಿಡಿದೆ. ಜೊತೆಗೆ ನಾಲ್ಕನೆಯ ಅಧ್ಯಾಯದ ನಕ್ಷೆಯನ್ನೂ ತೆರೆದೆ. ಹಲಗೆಯ ಮೇಲೆ ಎರಡರ ಸಮೀಕರಣವನ್ನೂ ಬರೆದೆ. ತಳ್ಳುವ ಪದ ಎರಡರಲ್ಲೂ ಒಂದೇ. ಸೋರಿಕೆಯ ಪದವನ್ನು ಒಂದರಲ್ಲಿ ಬೆರಳಿನಿಂದಲೇ ಅಳಿಸಿದೆ. ಇಟ್ಟರೆ ನೆಲೆ ನಿಲ್ಲುತ್ತದೆ, ತೆಗೆದರೆ ಕುಣಿಯುತ್ತದೆ. ಸೋರಿಕೆ ಅತಿಯಾದರೆ ಬುಗುರಿಯನ್ನು ಗೋಣಿತಾಟಿನ ಮೇಲೆ ಬಿಟ್ಟಂತೆ ಕೂತಲ್ಲೇ ಕೂತುಬಿಡುತ್ತದೆ, ಅದನ್ನೂ ತೋರಿಸಿದೆ. ಹಿರೇಗೌಡರು ಎದ್ದು ಬಂದು, ಕೈಯಲ್ಲಿ ಸೀಮೆಸುಣ್ಣ ಹಿಡಿದು, ಒಂದೊಂದು ಸಾಲನ್ನೂ ತಾವೇ ಮತ್ತೆ ಮಾಡಿ ನೋಡಿದರು. ಒಂದು ಕಡೆ ನನ್ನ ಚಿಹ್ನೆ ತಪ್ಪಾಗಿತ್ತು, ಬೈದು ತಿದ್ದಿದರು. ನನಗೆ ಸಿಟ್ಟು ಬರಲಿಲ್ಲ. ಅದನ್ನು ಗಂಡ ಗಮನಿಸಿ ಆಮೇಲೆ ವಾರಗಟ್ಟಲೆ ಆಡಿಕೊಂಡರು.

ಕೊನೆಗೆ ಹಿರೇಗೌಡರು ಕೈಗಂಟಿದ ಸುಣ್ಣ ಕೊಡವಿಕೊಂಡರು. “ಇದನ್ನ ಹಿತ್ತಲದಾಗ ಯಾಕ ಇಟ್ಟಿದ್ರಿ? ಇದ ನಿಮ್ಮ ಪ್ರಬಂಧ. ನಾಲ್ಕನೇ ಅಧ್ಯಾಯಕ್ಕ ತಂದ ಹಾಕ್ರಿ,” ಎಂದು ಹೇಳಿ, ಹಿಂದಿನ ಸಾಲಿನ ಕಡೆ ತಿರುಗಿದರು. “ಯಜಮಾನ್ರ, ನಿಮ್ಮ ಮಗಳು ಪಾಸ್. ಆ ಎಣ್ಣಿ ಸೀಸೆ ಒಮ್ಮಿ ತೋರಸ್ರಿ ನೋಡೂಣು.”

ಅಪ್ಪನಿಗೆ ಮೊದಲ ವಾಕ್ಯ ಮಾತ್ರ ಕೇಳಿಸಿರಬೇಕು. ಹೆಗಲ ಮೇಲಿನ ಟವಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಅಮ್ಮ ಮಾತ್ರ ತಡಮಾಡದೆ ಕಜ್ಜಾಯದ ಡಬ್ಬ ತೆರೆದು ಮುಂದಿನ ಸಾಲಿನಿಂದ ಹಂಚುತ್ತಾ ಬಂದಳು. ಹಿರೇಗೌಡರು ಎರಡು ತಿಂದರು. ಅವರ ಹೆಸರಿನಲ್ಲಿ ‘ಗೌಡ’ ಎಂದು ಕೇಳಿದ ಮೇಲೆ ಅಮ್ಮ ಅವರನ್ನು ತನ್ನ ತವರಿನ ಕಡೆಯ ನೆಂಟರೆಂದೇ ತೀರ್ಮಾನ ಮಾಡಿದ್ದಳು. ಅಲ್ಲವೆಂದು ಹೇಳುವ ಧೈರ್ಯ ಅವರಿಗೂ ಬರಲಿಲ್ಲ.

ಸಂಜೆಯ ರೈಲಿನಲ್ಲಿ ವಾಪಸ್ಸು ಹೊರಟೆವು. ಕೆಂಗೇರಿಯಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅಪ್ಪ ಬುಗುರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮ್ಮನೆ ನೋಡುತ್ತಿದ್ದ.

“ಅಪ್ಪ,” ಎಂದೆ. “ಬೆಳಿಗ್ಗೆ ಕೇಳಿದ್ಯಲ್ಲ, ಇದು ಏನ್ ಮಾಡ್ತೈತೆ ಅಂತ. ಹೇಳ್ಲಾ?”

“ಹೇಳವ್ವ.”

ಹೇಳಿದೆ. ಕನ್ನಡಿ, ಬೆಳಕು, ಪರಮಾಣು, ತಳ್ಳುವ ಕೈ, ಸೋರಿಕೆ, ಎಲ್ಲ. ಬಿಡದಿಯಲ್ಲಿ ಕಾರ್ಖಾನೆ ಬಿಟ್ಟ ಜನ ನುಗ್ಗಿ ನಮ್ಮ ಮೈಮೇಲೆ ನಿಂತರು, ಆಗಲೂ ನಿಲ್ಲಿಸಲಿಲ್ಲ. ಅಪ್ಪ ನಡುನಡುವೆ ಕೇಳಿದ. ಅದು ಮೇಲೆ ಹೋಗೋದು ಯಾಕೆ? ಕೆಳಗೆ ಬರೋದು ಯಾಕೆ? ಸೋರಿದ್ದು ಎಲ್ಲಿಗೆ ಹೋಯ್ತದೆ? ನನ್ನ ಪಾಠದಲ್ಲಿ ಇಷ್ಟು ಗಮನ ಇಟ್ಟು ಕೇಳಿದವರು ಬೇರೆ ಯಾರೂ ಇಲ್ಲ. ಇವನಿಗೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕಣ್ಣು ತುಂಬಿ ಬಂತು.

ರಾಮನಗರದ ಬೆಟ್ಟಗಳು ಕಾಣುವ ಹೊತ್ತಿಗೆ ಎಲ್ಲ ಮುಗಿಯಿತು. ಅಪ್ಪ ತಲೆಯಾಡಿಸಿದ.

“ಇಷ್ಟೇಯಾ? ಬೆಳಿಗ್ಗೆನೇ ಹೇಳಿದ್ರೆ ನಾನು ಎಣ್ಣೆ ಹಾಕ್ತಾನೇ ಇರ್ನಿಲ್ಲ ಕಣವ್ವ.”

“ಬೆಳಿಗ್ಗೆನೇ ಹೇಳಿದ್ದಿದ್ರೆ ನಾನು ಪಾಸೇ ಆಯ್ತಿರ್ಲಿಲ್ಲ ಕಣಪ್ಪ,” ಎಂದೆ.

ಅಪ್ಪ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಆಮೇಲೆ ಇಡೀ ಬೋಗಿಯೇ ತಿರುಗಿ ನೋಡುವ ಹಾಗೆ ಗಹಗಹಿಸಿ ನಕ್ಕ. ನಿಲ್ದಾಣ ಬಂದಾಗ ಚೀಲಗಳನ್ನೆಲ್ಲ ಒಟ್ಟು ಮಾಡಿಕೊಂಡು ಎದ್ದೆವು. ಬೋಗಿಯ ಬಾಗಿಲು ಕಿರ್ ಎಂದಿತು. ಅಪ್ಪನ ಕೈ ತಾನೇ ತಾನಾಗಿ ಕೈಚೀಲದೊಳಗೆ ಹೋಯಿತು. ಅರ್ಧದಲ್ಲಿ ನಿಂತು, ಹಾಕಲೋ ಬೇಡವೋ ಎಂದು ನನ್ನ ಕಡೆ ನೋಡಿದ.

“ಅದಕ್ಕೆ ಹಾಕಪ್ಪ,” ಎಂದೆ.